ಆರು ವರ್ಷದ ಮಗಳಿಗೆ ಎಟಿವಿ ಆರಿಸಿದ್ದು ಹೇಗೆ: ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ಇಲ್ಲಿನ ಮಕ್ಕಳ ಡಾಕ್ಟರುಗಳ ಸಂಘ, ಅಂದ್ರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 16 ವರ್ಷ ಆಗೋವರೆಗೂ ಮಕ್ಕಳು ಎಟಿವಿ, ಅಂದ್ರೆ ಮಣ್ಣು ದಾರೀಲಿ ಓಡಿಸೋ ನಾಲ್ಕು ಚಕ್ರದ ಕ್ವಾಡ್ ಬೈಕ್, ಓಡಿಸ್ಲೇಬಾರ್ದು ಅಂತ ಹೇಳುತ್ತೆ. ಇದನ್ನ ಗೊತ್ತಿದ್ದೇ ನಾವು ತಗೊಂಡ್ವಿ, ಯಾಕಂದ್ರೆ ನಾವಿರೋದು ಟೆಕ್ಸಸ್‌ನಲ್ಲಿ, ಆಸ್ಟಿನ್ ಹೊರಗಡೆ, ಇಲ್ಲಿ ಒಂಚೂರು ಜಮೀನಿರೋರ ಮನೇಲೆಲ್ಲ ಒಂದು ಎಟಿವಿ ನಿಂತೇ ಇರುತ್ತೆ, ಸ್ನೇಹಿತರ ಮಕ್ಕಳೆಲ್ಲ ಓಡಿಸ್ತಾರೆ, ನಮ್ಮ ಕಣ್ಣು ತಪ್ಪಿಸಿ ಇವಳು ಯಾರದೋ ದೊಡ್ಡ ಗಾಡಿ ಹತ್ತೋದಕ್ಕಿಂತ ಅವಳ ಅಳತೆದು ಒಂದನ್ನ ನಮ್ಮೆದುರೇ ಕಲೀಲಿ ಅನ್ನಿಸ್ತು. ನಿಮಗೆ ಓಡಿಸೋಕೆ ಸರಿಯಾದ ಜಾಗ ಇಲ್ಲ, ಪ್ರತಿ ಸಲ ಜೊತೆಗೆ ನಿಲ್ಲೋಕೆ ಟೈಮ್ ಇಲ್ಲ ಅಂದ್ರೆ ದಯವಿಟ್ಟು ತಗೋಬೇಡಿ.

ಶೋರೂಮಿಗೆ ಹೋದ್ರೆ ಮೊದಲು ಕೇಳೋ ಮಾತು "ಎಷ್ಟು ಸಿಸಿ ಬೇಕು" ಅಂತ. ಸಿಸಿ ಬಿಡಿ, ಗಾಡಿ ಮೇಲೆ ಅಂಟಿಸಿರೋ ವಯಸ್ಸಿನ ಲೇಬಲ್ ನೋಡಿ. ಅಮೆರಿಕದಲ್ಲಿ 2008ರ ಕಾನೂನು ಬಂದ ಮೇಲೆ ಇದೆಲ್ಲ ಕಡ್ಡಾಯ ಆಗಿದೆ. 6 ವರ್ಷ ಮೇಲ್ಪಟ್ಟೋರ ಗಾಡಿ ಗಂಟೆಗೆ 15 ಮೈಲಿ ಮೀರಬಾರ್ದು, ವೇಗ ತಡೆಯೋ ಲಿಮಿಟರ್ ಹಾಕಿದ್ರೆ 10 ಮೈಲಿ, ಅಂದ್ರೆ ಸುಮಾರು 16 ಕಿಲೋಮೀಟರ್. 10 ವರ್ಷದೋರದ್ದಾದ್ರೆ 30 ಮೈಲಿವರೆಗೂ ಹೋಗುತ್ತೆ, ಲಿಮಿಟರ್ ಇದ್ರೆ 15. ಯಮಾಹಾ ವೈಎಫ್‌ಜೆಡ್50, ಪೊಲಾರಿಸ್ ಔಟ್‌ಲಾ 70, ಕ್ಯಾನ್-ಆಮ್ ಡಿಎಸ್ 70 ಇವೆಲ್ಲ ಆರು ವರ್ಷದೋರ ಲೆಕ್ಕಕ್ಕೆ ಬರ್ತವೆ. ಹೋಂಡಾ ಟಿಆರ್‌ಎಕ್ಸ್90ಎಕ್ಸ್ ನೋಡೋಕೆ ಪುಟ್ಟದಾಗೇ ಕಾಣುತ್ತೆ, ಆದ್ರೆ ಅದು ಹತ್ತು ವರ್ಷದ ಮೇಲಿನೋರದು, ಅದೂ ಅಲ್ದೆ ಗೇರ್ ಕಾಲಲ್ಲಿ ಹಾಕಬೇಕು.

ನಮ್ಮ ಜನಕ್ಕೆ ಒಂದು ಅಭ್ಯಾಸ ಇದೆಯಲ್ಲ, ಬೆಳೆಯೋ ಮಗು ಅಂತ ಸ್ಕೂಲ್ ಯೂನಿಫಾರ್ಮ್ ಎರಡು ಸೈಜ್ ದೊಡ್ಡದೇ ಹೊಲಿಸೋದು. ಎಟಿವಿಗೆ ಆ ಲೆಕ್ಕ ಇಟ್ಕೊಂಡು ಹೋದ್ರೆ ಮಗುವಿನ ಜೀವಕ್ಕೇ ಬರುತ್ತೆ. ಯಾಕೆ ಅಂದ್ರೆ ಇದು ತಿರುವಿನಲ್ಲಿ ಮೈ ವಾಲಿಸಿ, ಏರಿನಲ್ಲಿ ಮುಂದಕ್ಕೆ ಬಗ್ಗಿ, ಇಳಿಜಾರಲ್ಲಿ ಹಿಂದಕ್ಕೆ ಸರಿದು ಓಡಿಸೋ ಗಾಡಿ, ಆರು ವರ್ಷದ ಮಗುಗೆ ಇಪ್ಪತ್ತು ಕೆಜಿ ಚಿಲ್ಲರೆ ತೂಕ, ಚಿಕ್ಕ ಗಾಡಿನೇ ನೂರು ಕೆಜಿ ಹತ್ರ ಇರುತ್ತೆ, ಇನ್ನು ದೊಡ್ಡದು ತಂದ್ರೆ ಅವಳು ಎಷ್ಟು ವಾಲಿದ್ರೂ ಗಾಡಿಗೆ ಲೆಕ್ಕಕ್ಕೇ ಇಲ್ಲ, ಮಗುಚಿ ಮೇಲೆ ಬಿತ್ತು ಅಂದ್ರೆ ಅವಳ ಕೈಲಿ ಎತ್ತೋಕೂ ಆಗಲ್ಲ.

ಅದಕ್ಕೆ ಅಳತೆ ನೋಡೋಕೆ ಮಗಳನ್ನೇ ಕರ್ಕೊಂಡು ಹೋದೆ, ಹೆಲ್ಮೆಟ್ಟು ಬೂಟು ಹಾಕಿಸ್ಕೊಂಡೇ. ಕಾಲಿಡೋ ಫುಟ್‌ಪೆಗ್ ಮೇಲೆ ನಿಲ್ಲಿಸಿದ್ರೆ ಸೀಟಿಗೂ ಅವಳಿಗೂ ಮಧ್ಯೆ 3ರಿಂದ 6 ಇಂಚು ಜಾಗ ಇರಬೇಕು. ಕೂತಾಗ ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿರಬೇಕು, ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿದಾಗಲೂ ಎರಡೂ ಕೈ ಹಿಡಿ ಬಿಡಬಾರ್ದು, ಹೊರಗಡೆ ಕೈ ಎಳೆದು ಭುಜ ಮುಂದಕ್ಕೆ ಹೋಯ್ತು ಅಂದ್ರೆ ಗಾಡಿ ದೊಡ್ಡದಾಯ್ತು ಅಂತ. ವೇಗ ಹೆಚ್ಚಿಸೋ ಥ್ರಾಟಲ್ ಬಲಗೈ ಹೆಬ್ಬೆರಳಿಗೆ ಆರಾಮಾಗಿ ಸಿಗಬೇಕು, ಬ್ರೇಕ್ ಲಿವರ್ ಅಂತೂ ಅವಳ ಕೈಯಲ್ಲೇ ಒತ್ತಿಸಿ ನೋಡಿ, ಬೆರಳು ಮುಟ್ಟೋದು ಬೇರೆ, ಚಕ್ರ ನಿಲ್ಲೋ ಹಾಗೆ ಒತ್ತೋದು ಬೇರೆ. ಒಂದು ಗಾಡಿ ಬಣ್ಣ ಅವಳಿಗೆ ಬಹಳ ಹಿಡಿಸಿತ್ತು, ಲಿವರ್ ಗಟ್ಟಿ ಇತ್ತು, ಅತ್ತಳು, ಆದ್ರೂ ಬೇಡ ಅಂದೆ.

ಆಮೇಲೆ ಮುಖ್ಯ ಅಂದ್ರೆ ಹಗ್ಗ. ಚಿಕ್ಕ ಮಕ್ಕಳ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡೋ ಟೆದರ್ ಅನ್ನೋ ಹಗ್ಗ ಇರುತ್ತೆ, ಎಳೆದ ತಕ್ಷಣ ಎಂಜಿನ್ ನಿಲ್ಲುತ್ತೆ, ಕಲಿಯೋ ದಿನಗಳಲ್ಲಿ ನಾನು ಅದನ್ನ ಹಿಡ್ಕೊಂಡು ಹಿಂದೇನೇ ಓಡಾಡ್ತಿದ್ದೆ. ಥ್ರಾಟಲ್ ಹತ್ರ ಒಂದು ಸ್ಕ್ರೂ ಇರುತ್ತೆ, ಹೆಬ್ಬೆರಳು ಎಷ್ಟು ಒತ್ತಬಹುದು ಅಂತ ಅದರಲ್ಲೇ ಮಿತಿ ಹಾಕಬಹುದು, ನಾನು ಬಿಗಿಯಾಗೇ ಇಟ್ಟೆ, ನಿಲ್ಲಿಸೋದು ಚೆನ್ನಾಗಿ ಬಂದ ಮೇಲೆ ಸ್ವಲ್ಪ ಸ್ವಲ್ಪ ಬಿಟ್ಟೆ.

ಆನ್‌ಲೈನಲ್ಲಿ ಅರ್ಧ ರೇಟಿಗೆ ಸಿಗೋ ಹೆಸರೇ ಕೇಳದ ಇಂಪೋರ್ಟ್ ಗಾಡಿಗಳ ಕಡೆ ನಾನು ತಿರುಗಿನೂ ನೋಡಲಿಲ್ಲ. ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಸಿಪಿಎಸ್‌ಸಿ ಇಂಥವುಗಳ ಬಗ್ಗೆ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದೆ, 15 ಮೈಲಿ ಮಿತಿ ಮೀರಿ ಓಡ್ತವೆ, ಪಾರ್ಕಿಂಗ್ ಬ್ರೇಕೇ ಇಲ್ಲ, ಇಂಥ ಕಾರಣಗಳು.

ತಂದ ಮೇಲಿನ ನಿಯಮ ನಮ್ಮನೇಲಿ ಕಡಕ್ಕು. ಇಲ್ಲಿನ ಸಾರಿಗೆ ಇಲಾಖೆಯ ಡಾಟ್ (DOT) ಮಾರ್ಕಿನ ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್, ಗಾಗಲ್ಸ್, ಗ್ಲೌಸ್, ಪೂರ್ತಿ ತೋಳಿನ ಅಂಗಿ, ಕಾಲಿನ ಗಿಣ್ಣು ಮುಚ್ಚೋ ಬೂಟು. ಟಾರ್ ರೋಡಿಗೆ ಇಳಿಸೋ ಹಾಗೇ ಇಲ್ಲ, ಕಾರುಗಳಿಂದ ಅಪಾಯ ಅಂತ ಮಾತ್ರ ಅಲ್ಲ, ಟಯರಲ್ಲಿ ಗಾಳಿ ಕಡಿಮೆ ಇರುತ್ತೆ, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲಲ್ಲಿ ಒಟ್ಟಿಗೆ ತಿರುಗ್ತವೆ, ಮಣ್ಣಲ್ಲಿ ಒಂದು ಚಕ್ರ ಜಾರಿ ತಿರುವು ಸಿಗುತ್ತೆ, ಟಾರಲ್ಲಿ ಜಾರಲ್ಲ, ಕಚ್ಕೊಂಡು ಪಲ್ಟಿ ಹೊಡೆಯುತ್ತೆ. ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ, ಚಿಕ್ಕ ತಮ್ಮನ್ನೂ ಇಲ್ಲ. ಊರಿಗೆ ಬಂದಾಗ ಸಕಲೇಶಪುರ, ಕೊಡಗಿನ ಕಡೆ ರೆಸಾರ್ಟಲ್ಲಿ ಕ್ವಾಡ್ ಬೈಕ್ ಮೇಲೆ ಮಗುನ ಮಡಿಲಲ್ಲಿ ಕೂರಿಸ್ಕೊಂಡು ರೌಂಡ್ ಹೊಡೆಸೋಣ ಅಂತ ನೆಂಟರು ಅಂದಾಗ ನಾನು ಅಲ್ಲೂ ಬೇಡ ಅಂದೆ, ಬೇಜಾರಾದ್ರೂ ಪರವಾಗಿಲ್ಲ.

ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್‌ನವರ ರೈಡರ್ ಕೋರ್ಸ್ ಮಾಡಿಸಿದ್ವಿ, ಆರು ವರ್ಷದಿಂದ ಸೇರಿಸ್ಕೋತಾರೆ, ಅಲ್ಲಿ ಹೇಳ್ಕೊಟ್ಟಿದ್ದನ್ನ ಅವಳು ನನ್ನ ಮಾತಿಗಿಂತ ಜಾಸ್ತಿ ಕೇಳ್ತಾಳೆ. ಕಾನೂನು ರಾಜ್ಯಕ್ಕೊಂದು ಥರ: ಟೆಕ್ಸಸ್‌ನ ಸಾರ್ವಜನಿಕ ಜಾಗದಲ್ಲಿ 14ರ ಒಳಗಿನ ಮಕ್ಕಳ ಜೊತೆ ದೊಡ್ಡೋರು ಇರಲೇಬೇಕು, ಮ್ಯಾಸಚೂಸೆಟ್ಸ್‌ನಲ್ಲಾದ್ರೆ 2010ರ ಕಾನೂನಿನ ಪ್ರಕಾರ ಒಂದೆರಡು ವಿನಾಯಿತಿ ಬಿಟ್ರೆ 14 ಆಗೋವರೆಗೂ ಓಡಿಸೋ ಹಾಗೇ ಇಲ್ಲ, ನಿಮ್ಮ ರಾಜ್ಯದ್ದು ನೋಡ್ಕೊಂಡೇ ದುಡ್ಡು ಕಟ್ಟಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇನ್ನೊಂದು ಮಾತು. ಹಿಂದಿನ ಓನರ್ ಎಷ್ಟೋ ಸಲ ಲಿಮಿಟರ್ ತೆಗೆದುಹಾಕಿರ್ತಾರೆ, ಟೆದರ್ ಸ್ವಿಚ್ ಕಿತ್ತು ವೈರ್ ಸೇರಿಸಿರ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ, ಹಗ್ಗ ಎಳೀರಿ, ನಿಲ್ಲಲಿಲ್ಲ ಅಂದ್ರೆ ವಾಪಸ್ ಬನ್ನಿ.