ಮಗು ನೋಡಿಕೊಳ್ಳುವ ಅಕ್ಕನ ಸಂಬಳ: ನಾವು ಲೆಕ್ಕ ಹಾಕಿದ ರೀತಿ

ಮಗು ನೋಡಿಕೊಳ್ಳಲು ಬರುವವರಿಗೆ ಎಷ್ಟು ಸಂಬಳ ಕೊಡಬೇಕು ಅಂತ ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಒಂದೇ ಥರದ ಉತ್ತರ ಬರುತ್ತದೆ: "ನಮ್ಮ ಏರಿಯಾದಲ್ಲಿ ಇಷ್ಟು ನಡೀತಿದೆ." ವಿನೋಬನಗರದಲ್ಲಿ ಒಂದು ದರ, ಗೋಪಾಳದಲ್ಲಿ ಇನ್ನೊಂದು. ನನಗೆ 7 ಸಾವಿರದಿಂದ 10 ಸಾವಿರದವರೆಗೆ ಹೇಳಿದರು. ಹೇಳಿದವರೆಲ್ಲ ಒಳ್ಳೆಯ ಜನರೇ. ಆದರೆ ಆ ದರ ಎಲ್ಲಿಂದ ಬಂತು ಅಂತ ಕೇಳಿದರೆ, ಪಕ್ಕದ ಮನೆಯವರು ಅಷ್ಟು ಕೊಡುತ್ತಿದ್ದರು, ನಾವೂ ಅಷ್ಟೇ ಕೊಟ್ಟೆವು ಎನ್ನುತ್ತಾರೆ. ಕೊಡುವವರು ಕೊಡುವವರನ್ನೇ ಕೇಳಿ ಕಟ್ಟಿದ ದರ ಅದು. ಕೆಲಸ ಮಾಡುವ ಹೆಂಗಸನ್ನು ಯಾರೂ ಕೇಳಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. 2024ರ ಜೂನ್‌ನಲ್ಲಿ ನನ್ನ 26 ವಾರಗಳ ಹೆರಿಗೆ ರಜೆ ಮುಗಿಯಿತು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಆದರೆ ಅವರಿಗೆ ಮಂಡಿ ನೋವು, ಆರು ತಿಂಗಳ ಮಗುವನ್ನು ದಿನವಿಡೀ ಎತ್ತಿಕೊಂಡು ಓಡಾಡಲು ಆಗುವುದಿಲ್ಲ. ಗಾಜನೂರು ಕಡೆಯ ಒಬ್ಬರು ಬರಲು ಒಪ್ಪಿದರು. ನಲವತ್ತು ದಾಟಿದವರು. ಇಬ್ಬರು ಮಕ್ಕಳನ್ನು ಬೆಳೆಸಿದ್ದಾರೆ, ಊರಲ್ಲಿ ನಾಲ್ಕಾರು ಮನೆಗಳಲ್ಲಿ ಬಾಣಂತನಕ್ಕೆ ನಿಂತವರು. ನಾವು ಅವರನ್ನು ಅಕ್ಕ ಅಂತಲೇ ಕರೆಯುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ಎಷ್ಟು ಕೊಡಬೇಕು ಅಂತ ಕೇಳಿದೆ. "ನೀವೇ ನೋಡಿ ಕೊಡಿ ಮೇಡಂ" ಎಂದರು. ಈ ಮಾತನ್ನು ಒಪ್ಪಿಗೆ ಅಂತ ತಿಳಿಯಬಾರದು. ಜಾಸ್ತಿ ಕೇಳಿದರೆ ಕೆಲಸ ಕೈತಪ್ಪೀತು ಅನ್ನುವ ಭಯ, ಕಡಿಮೆ ಕೇಳಿದರೆ ಮನೆ ನಡೆಯುವುದಿಲ್ಲ. ಅದಕ್ಕೇ ಮಾತು ನಮ್ಮ ಮೇಲೆ ಬಿಡುತ್ತಾರೆ. ನೋಡಿ ಕೊಡುವುದಾದರೆ ಮೊದಲು ಅವರ ದಿನವನ್ನು ನೋಡಬೇಕು ಅಂತ ನನಗೆ ಅನಿಸಿತು. ನಮ್ಮ ಜೇಬಿನ ವಿಚಾರ ಆಮೇಲೆ.

ಅಕ್ಕ ಐದು ಗಂಟೆಗೆ ಏಳುತ್ತಾರೆ. ಅಡುಗೆ ಮುಗಿಸಿ, ಎಂಟಕ್ಕೆ ಮನೆ ಬಿಟ್ಟು, ಬಸ್ಸಿಗೆ ಕಾದು, ಒಂಬತ್ತಕ್ಕೆ ನಮ್ಮ ಬಾಗಿಲಲ್ಲಿ ಇರುತ್ತಾರೆ. ಸಂಜೆ ಆರಕ್ಕೆ ಹೊರಟರೆ ಮನೆ ಸೇರುವಾಗ ಏಳು ಗಂಟೆ ದಾಟಿರುತ್ತದೆ. ನಮಗೆ ಅದು ಒಂಬತ್ತು ಗಂಟೆಯ ಕೆಲಸ. ಅವರಿಗೆ ಹನ್ನೊಂದು ಗಂಟೆಯ ದಿನ.

ಇದೇ ದಿನ ಅವರು ಊರಲ್ಲೇ ಉಳಿದಿದ್ದರೆ ಏನು ದುಡಿಯುತ್ತಿದ್ದರು? ಅದನ್ನೂ ಕೇಳಿದೆ. ಗದ್ದೆ, ತೋಟದ ಕೆಲಸಕ್ಕೆ ಹೆಣ್ಣಾಳಿಗೆ ಆಗ 400 ರೂಪಾಯಿ ಕೊಡುತ್ತಿದ್ದರಂತೆ. ಅಡಿಕೆ ಸುಲಿಯುವ ಸೀಸನ್‌ನಲ್ಲಿ ಸುಲಿದಷ್ಟಕ್ಕೆ ಕಾಸು, ಕೈ ಚುರುಕಿದ್ದವರಿಗೆ ಇನ್ನೂ ಜಾಸ್ತಿ. ಆದರೆ ತಿಂಗಳಿಡೀ ಕೆಲಸ ಸಿಗುವುದಿಲ್ಲ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ, ಅಂದರೆ ಸರ್ಕಾರದ ಉದ್ಯೋಗ ಖಾತ್ರಿ ಯೋಜನೆಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. 26 ದಿನಕ್ಕೆ ಗುಣಿಸಿ ನೋಡಿ, 9,074 ಆಗುತ್ತದೆ. ನರೇಗಾ ಕೆಲಸ ಆಗ ವರ್ಷಕ್ಕೆ 100 ದಿನ ಮಾತ್ರ ಇತ್ತು, ನಿಜ. ಆದರೂ ದಿನದ ಲೆಕ್ಕ ದಿನದ ಲೆಕ್ಕವೇ. ನಮ್ಮ ಏರಿಯಾದಲ್ಲಿ ನಡೆಯುವ 8 ಸಾವಿರ ಸಂಬಳ ನರೇಗಾದಲ್ಲಿ ಗುಂಡಿ ತೋಡುವ ಕೂಲಿಗಿಂತ ಕಡಿಮೆ ಅಂತ ಕಾಗದದ ಮೇಲೆ ಬರೆದು ನೋಡಿದಾಗ ನಿಜಕ್ಕೂ ಬೇಜಾರಾಯಿತು. ನಾವು ಅವರ ಕೈಗೆ ಕೊಡುತ್ತಿರುವುದು ಮಗುವನ್ನು ಅಲ್ವಾ?

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮನೆಕೆಲಸಕ್ಕೂ ಕನಿಷ್ಠ ವೇತನ ಇದೆ. 2004ರಲ್ಲೇ ಕರ್ನಾಟಕ ಮನೆಕೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತ್ತು. ಕಾರ್ಮಿಕ ಇಲಾಖೆ ಪ್ರತಿ ವರ್ಷ ಏಪ್ರಿಲ್ 1ರಿಂದ ಅನ್ವಯವಾಗುವಂತೆ ತುಟ್ಟಿಭತ್ಯೆ ಸೇರಿಸಿ ಹೊಸ ದರ ಹೊರಡಿಸುತ್ತದೆ. ವಲಯಕ್ಕೆ ತಕ್ಕಂತೆ ದರ ಬೇರೆ. ಅಂಕಿ ವರ್ಷ ವರ್ಷ ಬದಲಾಗುವುದರಿಂದ ನೀವು ಕೆಲಸಕ್ಕೆ ಕರೆಯುವ ವರ್ಷದ ಪಟ್ಟಿಯನ್ನೇ ತೆಗೆದು ನೋಡಿ. ಎರಡು ಮಾತು ಮಾತ್ರ ನೆನಪಿಡಿ. ತಿಂಗಳ ದರವನ್ನು 26ರಿಂದ ಭಾಗಿಸಿದರೆ ದಿನದ ಕೂಲಿ ಸಿಗುತ್ತದೆ, ಅಂದರೆ ವಾರದ ರಜೆ ಸಂಬಳದ ಒಳಗೇ ಇದೆ. ಮತ್ತೆ, ಆ ದರ ಎಂಟು ಗಂಟೆಯ ಕೆಲಸಕ್ಕೆ. ಮೇಲಿನ ಗಂಟೆಗೆ ಎರಡು ಪಟ್ಟು.

ಆ ಪಟ್ಟಿಯನ್ನು ನಾವು ನೆಲ ಅಂತ ಇಟ್ಟುಕೊಂಡೆವು, ಛಾವಣಿ ಅಂತ ಅಲ್ಲ. ಮಗುವಿನ ಜವಾಬ್ದಾರಿ ಪಾತ್ರೆ ತೊಳೆಯುವ ಕೆಲಸಕ್ಕಿಂತ ದೊಡ್ಡದು. ಜ್ವರ ಬಂದಿದೆ ಅಂತ ಹಣೆ ಮುಟ್ಟಿಯೇ ತಿಳಿಯುವುದು, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಗಾಬರಿಯಾಗದೆ ಮಗುವನ್ನು ಬೋರಲು ಹಾಕಿ ಬೆನ್ನು ತಟ್ಟುವುದು, ಇದೆಲ್ಲ ಅನುಭವದಿಂದ ಬರುವ ಕಸುಬು. ಕಡೆಗೆ ಗಂಟೆಗೆ 70 ರೂಪಾಯಿ ಅಂತ ಹಿಡಿದೆವು. ಎಂಟು ಗಂಟೆಗೆ 560, ಒಂಬತ್ತನೆಯ ಗಂಟೆಗೆ 140, ದಿನಕ್ಕೆ 700. 26 ದಿನಕ್ಕೆ 18,200 ರೂಪಾಯಿ. ಊಟ, ಕಾಫಿ ನಮ್ಮ ಮನೆಯಲ್ಲೇ. ಅದನ್ನು ಸಂಬಳದಲ್ಲಿ ಕಳೆಯುವುದಿಲ್ಲ.

ಈ ಮೊತ್ತ ಕೇಳಿ ಹತ್ತಿರದವರು ಮೊದಲು ಕೇಳಿದ್ದು, "ನಿನ್ನ ಸಂಬಳದಲ್ಲಿ ಇದಕ್ಕೇ ಅಷ್ಟು ಹೋದರೆ ನೀನು ಕೆಲಸಕ್ಕೆ ಹೋಗಿ ಏನು ಉಳೀತು?" ಯಾಕೆ ಅದು ನನ್ನ ಸಂಬಳದಿಂದ ಹೋಗಬೇಕು? ನಮ್ಮನೆಯವರೂ ಅದೇ ಒಂಬತ್ತು ಗಂಟೆ ಹೊರಗೆ ದುಡಿಯುತ್ತಾರೆ. ಅಕ್ಕ ಬಂದಿರುವುದರಿಂದಲೇ ಅವರಿಗೂ ಹೋಗಲು ಆಗುತ್ತಿರುವುದು. ಇಬ್ಬರ ಸಂಬಳ ಕೂಡಿಸಿ ನೋಡಿದರೆ ನಮಗೆ ಅದು ಭಾರವಾದರೂ ಹೊರಬಲ್ಲ ಭಾರ. ಹೊರಲು ಆಗದಿದ್ದರೆ ಗಂಟೆ ಕಡಿಮೆ ಮಾಡಬೇಕು, ಇನ್ನೊಂದು ಮನೆಯ ಜೊತೆ ಹಂಚಿಕೊಳ್ಳಬೇಕು, ಇಲ್ಲ ಡೇಕೇರ್ ನೋಡಬೇಕು. ಗಂಟೆಯ ದರ ಇಳಿಸುವುದು ದಾರಿಯಲ್ಲ ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ಇನ್ನೊಂದು ಮಾತು ಬಂದಿದ್ದು ಅತ್ತೆಯಿಂದ. "ಮಗು ಮಧ್ಯಾಹ್ನ ಎರಡು ಗಂಟೆ ಮಲಗುತ್ತದೆ. ಆಗ ಅವಳು ಸುಮ್ನೆ ಕೂತಿರ್ತಾಳೆ. ಅದಕ್ಕೂ ದುಡ್ಡಾ?" ಅತ್ತೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಿಂದ ಬಂದವರು. ನಾನು ಕೇಳಿದೆ, "ಅತ್ತೆ, ಮಂಗ ಕಾಯುವ ಆಳಿಗೆ ಮಂಗ ಬರದ ದಿನ ಕೂಲಿ ಹಿಡೀತಿದ್ರಾ?" ಅವರು ನಕ್ಕರು. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಮಗು ಮಲಗಿದಾಗ ಅಕ್ಕ ಮನೆಗೆ ಹೋಗಲಾಗುವುದಿಲ್ಲ, ನಿದ್ದೆ ಮಾಡಲಾಗುವುದಿಲ್ಲ, ಕಿವಿ ತೊಟ್ಟಿಲ ಕಡೆಗೇ ಇರಬೇಕು. ಆ ಹೊತ್ತೂ ನಮ್ಮದೇ.

ಅದೇ ಹೊತ್ತಿಗೆ "ಹೇಗೂ ಕೂತಿದ್ದೀಯಲ್ಲ" ಅಂತ ಒಂದು ಕಾಯಿ ತುರಿಯಲು ಕೊಡುವುದು, ಅಕ್ಕಿ ಆರಿಸಲು ಕೊಡುವುದು ನಮ್ಮ ಮನೆಗಳಲ್ಲಿ ತೀರಾ ಸಹಜ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ. ಆದರೆ ಒಂದು ತಿಂಗಳಲ್ಲಿ ಅದು ಕಸ, ನೆಲ, ಬಟ್ಟೆಯ ತನಕ ಬೆಳೆಯುತ್ತದೆ. ಅದಕ್ಕೆ ಕೆಲಸದ ಗಡಿಯನ್ನು ಮೊದಲೇ ಹೇಳಿದೆವು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ರಾಗಿ ಸರಿ ಮಾಡಿ ತಿನ್ನಿಸುವುದು, ಮಗುವಿನ ಬಟ್ಟೆ, ಮಗುವಿನ ಪಾತ್ರೆ, ಸಂಜೆ ಹೊರಗೆ ಎತ್ತಿಕೊಂಡು ಹೋಗುವುದು. ಇಷ್ಟೇ. ಮನೆಯ ಅಡುಗೆ, ಕಸ ಇದರಲ್ಲಿಲ್ಲ. ಹಬ್ಬದ ಹಿಂದಿನ ದಿನ ಅಡುಗೆಗೆ ಕೈಜೋಡಿಸಲು ಕೇಳಿದರೆ ಆ ಹೊತ್ತಿಗೆ ಬೇರೆ ದುಡ್ಡು. ಬೇಡ ಅನ್ನುವ ಹಕ್ಕೂ ಅವರಿಗಿದೆ.

ಲೆಕ್ಕದ ಕಾಗದವನ್ನು ಅಕ್ಕನ ಮುಂದೆ ಇಟ್ಟು ಒಂದೊಂದೇ ಸಾಲು ಓದಿದೆವು. ಅವರಿಗೆ ಕನ್ನಡ ಓದಲು ಬರುತ್ತದೆ, ಮತ್ತೊಮ್ಮೆ ತಾವೇ ಓದಿಕೊಂಡರು. ಸಂಬಳದ ಬಗ್ಗೆ ಏನೂ ಹೇಳಲಿಲ್ಲ. ಕೇಳಿದ್ದು ಒಂದೇ. "ಆರು ಗಂಟೆಗೆ ಬಿಟ್ಟುಬಿಡಿ ಮೇಡಂ. ಆ ಬಸ್ ತಪ್ಪಿದರೆ ಮುಂದಿನದು ಯಾವಾಗ ಅಂತ ಹೇಳಕ್ಕಾಗಲ್ಲ." ನಾನು ಸಂಬಳದ ಬಗ್ಗೆ ಅಷ್ಟೆಲ್ಲ ಯೋಚಿಸುತ್ತಿದ್ದರೆ, ಅವರಿಗೆ ಮುಖ್ಯವಾಗಿದ್ದು ಹೊತ್ತಿಗೆ ಸರಿಯಾಗಿ ಬಿಡುವುದು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಆರು ಗಂಟೆ ಅಂದರೆ ಆರೇ ಗಂಟೆ. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನಲ್ಲಿ ತಡವಾಗುವುದು ಇದ್ದದ್ದೇ. ಆ ದಿನಗಳಲ್ಲಿ ನಮ್ಮನೆಯವರು ಬೇಗ ಬರುತ್ತಾರೆ. ಅದೂ ಆಗದಿದ್ದರೆ ಮೇಲಿನ ಗಂಟೆಗೆ 140 ರೂಪಾಯಿ, ಜೊತೆಗೆ ಊರಿಗೆ ಬಿಟ್ಟುಬರುವ ಜವಾಬ್ದಾರಿ ನಮ್ಮದು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು ಬರೆದು ಇಬ್ಬರೂ ಸಹಿ ಹಾಕುತ್ತೇವೆ.

ಬಸ್ ಚಾರ್ಜ್ ಬೇರೆ ಕೊಡುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಅಲ್ವಾ ಅಂತ ಕೆಲವರು ಕೇಳಿದರು. ಫ್ರೀ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಕ್ಕನ ಹೊತ್ತಿಗೆ ಸಿಗುವುದೂ ಅದೇ. ಅಲ್ಲಿ ಟಿಕೆಟ್ ತೆಗೆಸಲೇಬೇಕು.

ರಜೆಯ ವಿಷಯಕ್ಕೆ ಬರುತ್ತೇನೆ. ಭಾನುವಾರ ರಜೆ. ನನಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ, ಆ ದಿನ ಅಕ್ಕ ಬರುವುದು ಬೇಡ. ಆದರೆ ಸಂಬಳ ಹಿಡಿಯುವುದಿಲ್ಲ. ನಾವು ಊರಿಗೆ ಹೋದರೂ ಹಾಗೇ. ಬೇಡ ಅಂದಿದ್ದು ನಾವು, ಅವರು ಬರಲು ತಯಾರಿದ್ದರು. ಹಬ್ಬಗಳಿಗೆ, ಕೋಟೆ ಮಾರಿಕಾಂಬೆ ಜಾತ್ರೆಗೆ ಸಂಬಳ ಸಹಿತ ರಜೆ. ಜ್ವರ, ನೆಗಡಿಗೂ ಅಷ್ಟೇ. ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ದಿನದ ಕೂಲಿ ಕಟ್ ಆಗುತ್ತದೆ ಅಂದರೆ ಜ್ವರ ಮುಚ್ಚಿಟ್ಟುಕೊಂಡು ಬಂದು ಮಗುವನ್ನು ಎತ್ತಿಕೊಳ್ಳುವ ಪರಿಸ್ಥಿತಿ ಬರುತ್ತದೆ. ಅದು ಯಾರಿಗೂ ಒಳ್ಳೆಯದಲ್ಲ.

ಮಳೆಗಾಲ ನಮ್ಮ ಕಡೆಯ ದೊಡ್ಡ ಪ್ರಶ್ನೆ. ಜುಲೈನಲ್ಲಿ ರೆಡ್ ಅಲರ್ಟ್ ಕೊಟ್ಟು ಶಾಲೆಗೆ ರಜೆ ಮಾಡುತ್ತಾರೆ, ಬ್ಯಾಂಕಿಗೆ ರಜೆ ಇಲ್ಲ. ಮರ ಬಿದ್ದು ರಸ್ತೆ ಬಂದ್ ಆದರೆ ಬಸ್ ಬರುವುದಿಲ್ಲ. ಮಳೆ ಅವರ ತಪ್ಪಲ್ಲ. ಬೆಳಿಗ್ಗೆ ಏಳೂವರೆಯೊಳಗೆ ಒಂದು ಫೋನ್ ಮಾಡಿದರೆ ಸಾಕು, ಸಂಬಳ ಹಿಡಿಯುವುದಿಲ್ಲ ಎಂದೆವು. ಆ ದಿನ ನಮ್ಮಿಬ್ಬರಲ್ಲಿ ಒಬ್ಬರು ರಜೆ ಹಾಕುತ್ತೇವೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮಾತ್ರ ಬೇರೆ ಲೆಕ್ಕ. ಅವರ ಅಣ್ಣನ ತೋಟದ ಕೆಲಸಕ್ಕೆ ಒಂದಷ್ಟು ದಿನ ಬೇಕು ಎಂದರು. ಅಲ್ಲಿ ಅವರಿಗೆ ದುಡಿಮೆ ಇದೆ, ಆ ದಿನಗಳಿಗೆ ಸಂಬಳ ಬೇಡ ಅಂತ ಅವರೇ ಹೇಳಿದರು. ನಾವು ಒಪ್ಪಿದೆವು. ನನ್ನ ಅಮ್ಮ ಬಂದು ನಿಂತರು.

ಮುಂಗಡದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಗಳ ಕಾಲೇಜು ಫೀಸಿಗೆ ಅಕ್ಕ 20 ಸಾವಿರ ಕೇಳಿದರು. ಕೊಟ್ಟೆವು, ಬಡ್ಡಿ ಇಲ್ಲ, ತಿಂಗಳಿಗೆ 2 ಸಾವಿರದಂತೆ ಹಿಡಿದೆವು. ಒಂದು ಮಾತನ್ನು ಬಾಯಿಬಿಟ್ಟು ಹೇಳಿದೆ: ಸಾಲ ತೀರುವ ಮೊದಲು ಕೆಲಸ ಬಿಡಬೇಕು ಅನಿಸಿದರೆ ಬಿಡಬಹುದು, ಉಳಿದದ್ದನ್ನು ಆದಾಗ ಕೊಡಿ. ನಮ್ಮ ಸೀಮೆಯಲ್ಲಿ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕಿದ ಕಥೆಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಜೀತ ನಿಷೇಧ ಕಾಯ್ದೆ ಬಂದಿದ್ದು 1976ರಲ್ಲಿ. ಮುಂಗಡ ಕೊಟ್ಟ ಮೇಲೆ ಸಂಬಳ ಏರಿಸುವ ಮಾತೇ ಎತ್ತದ ಮನೆಗಳನ್ನು ನಾನು ಈಗಲೂ ನೋಡುತ್ತಿದ್ದೇನೆ, ಅದು ನನಗೆ ಸಹಿಸಲಾಗದ ವಿಷಯ.

ಮುಪ್ಪಿನ ಕಾಲಕ್ಕೆ ಏನು? ಅಸಂಘಟಿತ ಕಾರ್ಮಿಕರ ಶ್ರಮ ಯೋಗಿ ಮಾನ್‌ಧನ್ ಪಿಂಚಣಿಗೆ 18ರಿಂದ 40 ವರ್ಷದವರು ಮಾತ್ರ ಸೇರಬಹುದು. ಅಕ್ಕನಿಗೆ ಆ ವಯಸ್ಸು ದಾಟಿದೆ. ಅದಕ್ಕೆ ಅವರ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ಮಾಡಿಸಿ, ತಿಂಗಳಿಗೆ 1,000 ರೂಪಾಯಿ ನಾವು ಕಟ್ಟುತ್ತೇವೆ. ಪಾಸ್‌ಬುಕ್ ಅವರ ಬಳಿಯೇ ಇದೆ. ಜೊತೆಗೆ ಕೇಂದ್ರ ಸರ್ಕಾರದ ಎರಡು ವಿಮೆ ಮಾಡಿಸಿದೆವು. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಜೀವನ ಜ್ಯೋತಿ 436 ರೂಪಾಯಿ, ಯಾವ ಕಾರಣದ ಸಾವಿಗಾದರೂ 2 ಲಕ್ಷ, ಆದರೆ 50 ವರ್ಷದೊಳಗೆ ಸೇರಬೇಕು. ಎರಡೂ ಸೇರಿ ವರ್ಷಕ್ಕೆ 456 ರೂಪಾಯಿ. ಇಷ್ಟು ಮಾಡಿಸದ ಮನೆ ಇರಬಾರದು. ಈ ಕಂತು ಪ್ರತಿ ವರ್ಷ ಅವರ ಖಾತೆಯಿಂದಲೇ ಕಡಿತವಾಗುತ್ತದೆ, ಮೇ ಕೊನೆಯಲ್ಲಿ ಅದರಲ್ಲಿ ಅಷ್ಟು ಹಣ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಕೌಂಟರ್‌ನಲ್ಲಿ ಕೂತು ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಸಂಬಳ ಒಂದನೇ ತಾರೀಕು ಅವರ ಖಾತೆಗೆ ಹೋಗುತ್ತದೆ. ಅವರೇ ಹಾಗೆ ಕೇಳಿದ್ದು.

ಏರಿಕೆ ಪ್ರತಿ ಏಪ್ರಿಲ್‌ನಲ್ಲಿ. ಸರ್ಕಾರದ ದರ ಬದಲಾಗುವ ದಿನವೇ ನಮ್ಮದೂ ಬದಲಾದರೆ ಅವರು ಬಾಯಿಬಿಟ್ಟು ಕೇಳುವ ಸಂಕಟ ತಪ್ಪುತ್ತದೆ. 2025ರ ಏಪ್ರಿಲ್‌ನಲ್ಲಿ ಗಂಟೆಗೆ 75 ಮಾಡಿದೆವು, ತಿಂಗಳಿಗೆ 19,500 ಆಯಿತು. ಅಷ್ಟು ಹೊತ್ತಿಗೆ ಮಗು ನಡೆಯಲು ಶುರು ಮಾಡಿತ್ತು. ತೊಟ್ಟಿಲ ಮಗುವಿಗಿಂತ ಓಡುವ ಮಗುವನ್ನು ನೋಡಿಕೊಳ್ಳುವುದು ಕಷ್ಟ, ಇದನ್ನು ಯಾವ ತಾಯಿಯೂ ಒಪ್ಪುತ್ತಾಳೆ.

ಈಗ ಮುಂದಿನ ಲೆಕ್ಕ ಶುರುವಾಗಿದೆ. ಜೂನ್‌ನಿಂದ ಮಗುವನ್ನು ಪ್ಲೇಹೋಮ್‌ಗೆ ಸೇರಿಸುತ್ತೇವೆ. ಆಮೇಲೆ ಅಕ್ಕ ಬೇಕಾಗುವುದು ಮಧ್ಯಾಹ್ನ ಹನ್ನೆರಡೂವರೆಯಿಂದ ಆರರವರೆಗೆ. ಗಂಟೆ ಕಡಿಮೆಯಾದರೂ ಬಸ್ಸಿನಲ್ಲಿ ಹೋಗಿಬರುವ ಹೊತ್ತು ಅಷ್ಟೇ ಇರುತ್ತದೆ, ಉಳಿದ ಅರ್ಧ ದಿನಕ್ಕೆ ಬೇರೆ ಕೆಲಸ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಅದಕ್ಕೆ ಗಂಟೆಗೆ 90 ರೂಪಾಯಿ, ಬಸ್ ಚಾರ್ಜ್ ಮತ್ತು ಆರ್‌ಡಿ ಮೊದಲಿನಂತೆಯೇ ಅಂತ ಈಗಲೇ ಹೇಳಿದ್ದೇವೆ. ಬೆಳಗಿನ ಹೊತ್ತಿಗೆ ಬೇರೆ ಮನೆ ಹುಡುಕಿಕೊಳ್ಳುವುದಾದರೆ ನಮಗೆ ಗೊತ್ತಿರುವವರಿಗೆ ಹೇಳುತ್ತೇವೆ, ಈ ದರವನ್ನೂ ಸೇರಿಸಿಯೇ ಹೇಳುತ್ತೇವೆ. ಅವರಿಗೆ ಇದು ಹೊಂದದೆ ಬಿಡುವುದಾದರೆ ಒಂದು ತಿಂಗಳ ಪೂರ್ತಿ ಸಂಬಳ ಕೊಟ್ಟು ಕಳಿಸುತ್ತೇವೆ. ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದಿದ್ದಾರೆ ಅಕ್ಕ.