ಹಾಡುವವರ ಕಿವಿಗೆ ಯಾವ ಹೆಡ್‌ಫೋನ್?

ಶಿಡ್ಲಘಟ್ಟದಲ್ಲಿ ನನ್ನ ರೆಕಾರ್ಡಿಂಗ್ ಕೋಣೆ ಇರುವುದು ಫಿಲೇಚರ್ ಪಕ್ಕದ ಮಹಡಿಯಲ್ಲಿ. ಹಗಲೆಲ್ಲ ರೇಷ್ಮೆ ನೂಲು ತೆಗೆಯುವ ಯಂತ್ರದ ಸದ್ದು, ಹಾಗಾಗಿ ಕೆಲಸವೆಲ್ಲ ರಾತ್ರಿ ಎಂಟರ ಮೇಲೆ. ಎರಡು ವರ್ಷದ ಹಿಂದೆ ಕೈವಾರದ ಕಡೆಯ ಅಜ್ಜ ಒಬ್ಬರು ಬಂದು ತತ್ವಪದ ಹಾಡಿಕೊಟ್ಟರು. ಅವರ ಕಿವಿಗೆ ನಾನು ಹಾಕಿದ್ದು ಗೆಳೆಯನಿಂದ ತಂದಿದ್ದ ಓಪನ್ ಬ್ಯಾಕ್ ಹೆಡ್‌ಫೋನ್, ಅಂದರೆ ಕಿವಿಯ ಬಟ್ಟಲಿನ ಹಿಂಬದಿ ತೆರೆದಿರುವಂಥದ್ದು. ಕೇಳಲು ಬಹಳ ಇಂಪು. ಅಜ್ಜನಿಗೆ ಕಿವಿ ಸ್ವಲ್ಪ ಮಂದವೆಂದು ಸದ್ದು ಏರಿಸಿದ್ದೆ. ಮರುದಿನ ಕೇಳಿದರೆ, ಅವರು ಉಸಿರಿಗೆ ನಿಂತಲ್ಲೆಲ್ಲ, ತಾಳಕ್ಕೆಂದು ಹೆಡ್‌ಫೋನಿನಲ್ಲಿ ಬಿಟ್ಟಿದ್ದ ಕ್ಲಿಕ್ಕಿನ ಟಿಕ್ ಟಿಕ್ ಹೊರಗೆ ಸೋರಿ ಮೈಕಿಗೆ ಬಿದ್ದಿತ್ತು! ಮತ್ತೊಮ್ಮೆ ಕರೆಸಿ ಹಾಡಿಸಿದೆ, ಆದರೆ ಆ ರಾತ್ರಿಯ ಕಳೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೈಕಿನ ಮುಂದೆ ನಿಲ್ಲುವವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ, ಬಟ್ಟಲಿನ ಹಿಂಬದಿಯೂ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನೇ ಆಗಬೇಕು. ಸೆಮಿ ಓಪನ್ ಕೂಡ ಬೇಡ, ಅದೂ ಸೋರುತ್ತದೆ. ಓಪನ್ ಬ್ಯಾಕ್ ಇದ್ದರೆ, ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿಗೆ ಇಟ್ಟುಕೊಳ್ಳಿ.

ಕೊಳ್ಳುವ ಮುಂಚೆ, ಆಗದಿದ್ದರೆ ವಾಪಸ್ ಕಳಿಸುವ ಅವಧಿಯೊಳಗೆ, ಹೀಗೆ ಪರೀಕ್ಷೆ ಮಾಡಿ: ಹೆಡ್‌ಫೋನ್ ಹಾಕಿಕೊಂಡು, ಹಾಡುವಾಗ ಬೇಕಾಗುವಷ್ಟೇ ಸದ್ದಿನಲ್ಲಿ ಕ್ಲಿಕ್ ಬಿಟ್ಟು, ಮೈಕಿನ ಮುಂದೆ ಒಂದು ನಿಮಿಷ ಸುಮ್ಮನೆ ನಿಂತು ರೆಕಾರ್ಡ್ ಮಾಡಿ. ಆಮೇಲೆ ಕೇಳಿ. ಕನ್ನಡಕ ಹಾಕುವವರಾದರೆ ಕನ್ನಡಕ ಹಾಕಿಕೊಂಡೇ ಮಾಡಬೇಕು, ಅದರ ಕಡ್ಡಿಯ ಸಂದಿಯಿಂದಲೂ ಸದ್ದು ಹೊರಗೆ ಬರುತ್ತದೆ.

ನಾನು ಕೊಂಡದ್ದು ಆಡಿಯೊ ಟೆಕ್ನಿಕಾದ ಎಂ20ಎಕ್ಸ್. ಅದರ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 47 ಓಮ್ ಇರುವುದರಿಂದ, ಮೈಕು ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಇಂಟರ್‌ಫೇಸಿಗೂ ಸದ್ದು ಸಾಕಾಗುತ್ತದೆ. 250 ಓಮಿನದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದೇ ಇಂಟರ್‌ಫೇಸಿನಲ್ಲಿ ಸದ್ದು ಸಾಲದೆ ಹೋಗಬಹುದು. ಎಂ20ಎಕ್ಸ್‌ನ ವೈರು ಸುಮಾರು 3 ಮೀಟರ್, ಆದರೆ ಬಿಚ್ಚಲು ಬರುವುದಿಲ್ಲ, ತುಂಡಾದರೆ ಬೆಸುಗೆಯೇ ಗತಿ. ಇನ್ನಷ್ಟು ದುಡ್ಡು ಹಾಕಬಲ್ಲಿರಾದರೆ ಎಂ40ಎಕ್ಸ್‌ನಲ್ಲಿ ವೈರು ಬದಲಾಯಿಸಬಹುದು. 1991ರಲ್ಲಿ ಬಂದ ಸೋನಿ ಎಂಡಿಆರ್-7506 ಇವತ್ತಿಗೂ ಸ್ಟುಡಿಯೋಗಳಲ್ಲಿದೆ, ಸುರುಳಿ ವೈರಿನದು. ಚೆನ್ನಾಗಿದೆ, ಆದರೆ ಮೊದಲ ಖರೀದಿಗೆ ದುಬಾರಿ ಅನಿಸುತ್ತದೆ.

ಬ್ಲೂಟೂತ್ ಬೇಡವೇ ಬೇಡ. ಸದ್ದು ತಡವಾಗಿ ಕಿವಿಗೆ ಬಂದರೆ ತಾಳ ಕೆಡುತ್ತದೆ. ಬೇಸ್ ಉಬ್ಬಿಸಿದ ಹೆಡ್‌ಫೋನೂ ಬೇಡ, ತಮಟೆಯ ಪೆಟ್ಟು ನಿಜಕ್ಕೆ ಎಷ್ಟಿದೆ ಎಂಬುದೇ ಗೊತ್ತಾಗುವುದಿಲ್ಲ.

ಕಿವಿಯ ಮೆತ್ತೆ ಬೇರೆಯಾಗಿ ಸಿಗುತ್ತದೆಯೇ ವಿಚಾರಿಸಿ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತಾಗಿ ನನ್ನ ಮೊದಲ ಜೊತೆ ಚಕ್ಕೆ ಚಕ್ಕೆಯಾಗಿ ಉದುರಿತು. ಮೆತ್ತೆ ಹರಿದ ಮೇಲೆ ಕ್ಲೋಸ್ಡ್ ಬ್ಯಾಕ್ ಕೂಡ ಸೋರುತ್ತದೆ.

ನಮ್ಮ ಕಡೆ ಭಜನೆಯವರು ಒಂದು ಕಿವಿ ತೆಗೆದೇ ಹಾಡುತ್ತಾರೆ, ತಮ್ಮ ದನಿ ತಮಗೆ ಕೇಳಬೇಕಲ್ಲ. ಬೇಡ ಅನ್ನಬೇಡಿ. ಮುಚ್ಚಿದ ಕಿವಿಯ ಕಡೆಗೇ ಸದ್ದೆಲ್ಲ ಹೋಗುವಂತೆ ಪ್ಯಾನ್ ಮಾಡಿ, ತೆಗೆದ ಬಟ್ಟಲನ್ನು ಕಿವಿಯ ಹಿಂದೆ ತಲೆಗೆ ಒತ್ತಿ ಕೂರಿಸಿ. ಕೊನೆಯ ಸಾಲಿಗೆ ಬಂದಾಗ ಕ್ಲಿಕ್ ನಿಲ್ಲಿಸಿಬಿಡಿ, ಏಕತಾರಿಯ ನಾದ ಆರುವವರೆಗೆ ಮೈಕಿಗೆ ಬೇರೇನೂ ಕೇಳಬಾರದು.