ಎಣ್ಣೆ ಬಾಟಲಿ ತೂಗಿದ ಮೇಲೆ ಇಳಿದ 12 ಕಿಲೋ

ಹೋದ ವರ್ಷ ಯುಗಾದಿ ಹೊತ್ತಿಗೆ ನನ್ನ ತೂಕ 86 ಇತ್ತು. ಈಗ 74ರ ಆಸುಪಾಸು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಜೊತೆಗೆ ನಡೆಯುವ ಗೆಳೆಯರು "ತಿಂದದ್ದನ್ನೆಲ್ಲಾ ಬರೆದಿಟ್ಟರೆ ಬೊಜ್ಜು ಕರಗುತ್ತಾ?" ಅಂತಿದ್ದರು. ಈಗ ಅವರೇ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಮೊದಲು ಹೋದ ದುಡ್ಡಿನ ಲೆಕ್ಕ. ಜಿಮ್‌ಗೆ ವರ್ಷದ್ದು 14 ಸಾವಿರ ಒಟ್ಟಿಗೆ ಕಟ್ಟಿದೆ, ಹೋಗಿದ್ದು ಎರಡೇ ತಿಂಗಳು. ಕೈಗೆ ಕಟ್ಟುವ ಬ್ಯಾಂಡ್‌ಗೆ ಎರಡೂವರೆ ಸಾವಿರ. ಈ ಬ್ಯಾಂಡ್‌ನಿಂದಲೇ ಜಾಸ್ತಿ ಹಾಳಾಗಿದ್ದು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ದಿನ 600 ಕ್ಯಾಲೊರಿ ಕರಗಿತು ಅಂತ ತೋರಿಸುತ್ತಿತ್ತು. ಅದನ್ನು ನಂಬಿ ಎರಡು ಮಸಾಲೆ ದೋಸೆ ತಿನ್ನುತ್ತಿದ್ದೆ. ಮೂರು ತಿಂಗಳಲ್ಲಿ ಅರ್ಧ ಕಿಲೋನೂ ಇಳಿಯಲಿಲ್ಲ. ಈಗ ನಡೆದ ನಿಮಿಷ, ಹತ್ತಿದ ಮೆಟ್ಟಿಲು ಇಷ್ಟೇ ಬರೆಯುತ್ತೇನೆ. ಊಟದ ಲೆಕ್ಕಕ್ಕೆ ಅದನ್ನು ಸೇರಿಸುವುದಿಲ್ಲ.

ಆಮೇಲೂ ತೂಕ 84ಕ್ಕೆ ಬಂದು ನಿಂತುಬಿಟ್ಟಿತು. ಊಟ ಬರೆಯುವ ಆ್ಯಪ್‌ನಲ್ಲಿ ದಿನಾ 1,600 ಕ್ಯಾಲೊರಿ ಅಂತಲೇ ಬರುತ್ತಿತ್ತು. ಎಲ್ಲಿ ಸೋರುತ್ತಿದೆ ಅಂತ ಹುಡುಕಿ ಹುಡುಕಿ ಸಾಕಾಯಿತು. ಒಂದು ದಿನ ತಿಂಗಳ ದಿನಸಿ ಚೀಟಿ ಕೈಗೆ ಬಂತು. ಎಣ್ಣೆ, 5 ಲೀಟರ್. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಹೆಚ್ಚೂಕಡಿಮೆ 38 ಗ್ರಾಂ. ಗ್ರಾಂಗೆ 9 ಕ್ಯಾಲೊರಿ, ಅಂದರೆ 340. ನಾನು ಬರೆಯುತ್ತಿದ್ದದ್ದು ಮೂರು ಟೀ ಚಮಚ, 130 ಚಿಲ್ಲರೆ. ದಿನಾ 200 ನನ್ನ ಲೆಕ್ಕದಿಂದಲೇ ಹೊರಗೆ!

400 ರೂಪಾಯಿ ಕೊಟ್ಟು ಅಡುಗೆ ತಕ್ಕಡಿ ತಂದೆ. ಒಗ್ಗರಣೆಗೆ ಮೊದಲು ಎಣ್ಣೆ ಬಾಟಲಿ ಇಟ್ಟು ನೋಡುವುದು, ಆಮೇಲೆ ಇನ್ನೊಮ್ಮೆ. 742 ಇದ್ದದ್ದು 711 ಆದರೆ ಪಲ್ಯಕ್ಕೆ ಹೋಗಿದ್ದು 31 ಗ್ರಾಂ. "ಇದೇನು ಅಡುಗೆಮನೆನೋ ರೇಷನ್ ಅಂಗಡಿನೋ?" ಅಂತ ನನ್ನಾಕೆ ಎರಡು ವಾರ ರೇಗಿದಳು. ಮೂರನೇ ವಾರ ಅವಳೇ ಬಾಟಲಿ ಇಟ್ಟು ಅಂಕಿ ಕೂಗಿ ಹೇಳತೊಡಗಿದಳು.

ತಕ್ಕಡಿ ಬಂದ ಮೇಲೆ ಮುದ್ದೆನೂ ತೂಗಿದೆ. 90 ಗ್ರಾಂ ಹಿಟ್ಟಿನ ಮುದ್ದೆ ಒಂದು ದಿನ 260, ಇನ್ನೊಂದು ದಿನ 300 ಬಂತು. ಎಲ್ಲಾ ನೀರಿನ ಆಟ. ಹಾಗಾಗಿ ಮುದ್ದೆ, ಅನ್ನ ಎರಡಕ್ಕೂ ಬೇಯಿಸುವ ಮೊದಲಿನ ಹಿಟ್ಟು, ಅಕ್ಕಿಯ ತೂಕವನ್ನೇ ಬರೆಯಿರಿ. ಅಷ್ಟೇ ಗೋಧಿ ಹಿಟ್ಟಿನ ಚಪಾತಿ ತಿಂದೂ ನೋಡಿದೆ. ಎರಡೂವರೆಗೇ ಹಸಿವು. ಮುದ್ದೆ, ಸೊಪ್ಪಿನ ಸಾರು ಉಂಡ ದಿನ ನಾಲ್ಕರವರೆಗೂ ಯೋಚನೆ ಇಲ್ಲ. ನನ್ನ ಹೊಟ್ಟೆಯ ಮಾತು ಇದು, ನಿಮ್ಮದನ್ನು ನೀವೇ ನೋಡಿಕೊಳ್ಳಿ.

ರಾತ್ರಿ ಕೂತು ನೆನಪಿಸಿಕೊಂಡು ಬರೆಯಬೇಡಿ. ಚಕ್ಕುಲಿ, ಎರಡನೇ ಕಾಫಿ ಎಲ್ಲಾ ಮರೆತೇ ಹೋಗುತ್ತೆ. ತಟ್ಟೆ ಮುಂದೆ ಇರುವಾಗಲೇ ಬರೆಯಿರಿ. ತೂಕ ದಿನಾ ಬೆಳಿಗ್ಗೆ ನೋಡಿ, ಆದರೆ ಏಳು ದಿನದ ಸರಾಸರಿಯನ್ನು ಮಾತ್ರ ನಂಬಿ. ಮದುವೆ ಊಟದ ಮಾರನೇ ದಿನ ಒಂದೂವರೆ ಕಿಲೋ ಏರಿದ್ದು ಮೂರೇ ದಿನಕ್ಕೆ ಇಳಿದಿದೆ. ಸಂಜೆ ಐದರಿಂದ ಏಳರ ಬಾಯಿಚಪಲಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ಹೇಳಲ್ಲ, ಇನ್ನೆರಡು ತಿಂಗಳು ನೋಡಬೇಕು.

ಈಗ ನಮ್ಮನೆ ಎಣ್ಣೆ ತಿಂಗಳಿಗೆ ಎರಡೂವರೆ ಲೀಟರ್. ತಕ್ಕಡಿಯ ದುಡ್ಡು ಎರಡೇ ತಿಂಗಳಲ್ಲಿ ಎಣ್ಣೆಯಲ್ಲೇ ಹುಟ್ಟಿತು.